ಹೆಸರು ಕೆರೆಯುವ ಕೆಲಸ

ಸೋಮವಾರ ಬೆಳಿಗ್ಗೆ ನಗರಸಭೆಯ ಉಗ್ರಾಣದಲ್ಲಿ
ನನ್ನ ಕೈಗೊಂದು ಪಟ್ಟಿ ಕೊಟ್ಟರು:
ಬೆಂಚು ನೂರಾ ನಲವತ್ತು, ಕಸದ ಡಬ್ಬಿ ಮುನ್ನೂರು,
ಮೀನು ಮಾರುಕಟ್ಟೆಯ ಕಮಾನು, ಸ್ಮಶಾನದ ನಲ್ಲಿ.
ಎಲ್ಲದರ ಮೇಲೂ
ಎವಾರಿಸ್ತೊ ಲೆಕಾರೊಸ್, ನಿಮ್ಮ ಮೇಯರ್.
ಬರೆದವನು ನಾನೇ.
ಬರೆದ ಕೈಯೇ ಕೆರೆಯಬೇಕಂತೆ, ಅದೇ ಕೂಲಿಗೆ.
ಕೆರೆಯುವುದು ಕಷ್ಟ ಸ್ವಾಮಿ ಎಂದೆ.
ಕೇಳಿಸಿಕೊಳ್ಳುವವರು ಇನ್ನೂ ನೇಮಕವಾಗಿರಲಿಲ್ಲ.

ಪುಯೆರ್ತೊ ಅಲ್ಮೆಹಾದ ಉಪ್ಪುಗಾಳಿಗೆ
ಕಬ್ಬಿಣವೇ ನಾಲ್ಕು ವರ್ಷ ಬಾಳುವುದಿಲ್ಲ.
ಅವನು ತನ್ನ ಹೆಸರಿಗೆಂದೇ ಹಡಗಿನ ಬಣ್ಣ ತರಿಸಿದ್ದ.
ಬೆಂಚಿನ ಹಲಗೆ ಕೊಳೆತಿದೆ,
ಹೆಸರು ಗಟ್ಟಿ.

ಮೀನು ಕೊಯ್ಯುವ ಓರ್ತೆನ್ಸಿಯಾ ಕತ್ತಿ ನಿಲ್ಲಿಸದೆ ಅಂದಳು:
"ಹೆಸರು ಮಾಡಬೇಕು ಅಂತಿದ್ದ, ಮಾಡಿದ ನೋಡು.
ನನ್ನ ಮೊಮ್ಮಗ ಅಕ್ಷರ ಕಲಿತದ್ದೇ ಕಸದ ಡಬ್ಬಿಯಿಂದ.
ಮೊದಲು ಓದಿದ ಪದ ಲೆಕಾರೊಸ್,
ಎರಡನೆಯದು ಕಸ."
ಪಕ್ಕದ ಹಲಗೆಯ ಮೇಲಿನ ಪೆಲಿಕನ್ ಹಕ್ಕಿ
ಮೀನಿನ ತಲೆ ನುಂಗಿ ಅತ್ತ ತಿರುಗಿತು.
ಅದಕ್ಕೆ ಯಾವ ಆಡಳಿತವಾದರೂ ಒಂದೇ.

ಗುಡ್ಡದ ಹಳಿಬಂಡಿ ನಿಲ್ಲಿಸಿದ್ದು ಅವನೇ,
ದುರಸ್ತಿಗೆ ಆರು ತಿಂಗಳು ಸಾಕು ಎಂದು.
ಮೂರು ಚಳಿಗಾಲ ಕಳೆದವು.
ಇನ್ನೂರ ಹದಿನಾಲ್ಕು ಮೆಟ್ಟಿಲು. ಎಣಿಸಿದ್ದು ನಾನಲ್ಲ,
ಗ್ಯಾಸ್ ಸಿಲಿಂಡರ್ ಹೊರುವ ನೆಫ್ತಾಲಿಯ ಮೊಣಕಾಲು.
ಗೆದ್ದೆವಲ್ಲೋ ಎಂದೆ.
ಹೆಗಲು ಬದಲಿಸಿಕೊಂಡ:
"ಅವನು ಇಳಿದ. ಸರಿ.
ನಾನು ಇನ್ನೂ ಹತ್ತುತ್ತಿದ್ದೇನೆ."

ಔಷಧದಂಗಡಿಯ ಗ್ರಿಸೆಲ್ದಾ ಬಾಗಿಲು ಅರ್ಧ ಎಳೆದು
ದನಿ ತಗ್ಗಿಸಿ ಹೇಳಿದಳು, ಗುಪ್ತರೋಗದ ಮಾತ್ರೆ ಕೊಡುವವಳಂತೆ:
"ನಾನು ಅವನಿಗೇ ಹಾಕಿದೆ.
ಭೂಮಿ ನಡುಗಿದ ರಾತ್ರಿ ಟಾರ್ಚು ಹಿಡಿದು
ನಮ್ಮ ಬೀದಿಗೆ ಬಂದವನು ಅವನೊಬ್ಬನೇ.
ಅಮ್ಮನನ್ನು ಕುರ್ಚಿಸಮೇತ ಎತ್ತಿ ಕೆಳಗಿಳಿಸಿದ.
ಆಮೇಲೆ ಅದರ ಫೋಟೋ ಊರೆಲ್ಲ ಅಂಟಿಸಿದ,
ಅದು ಬೇರೆ ಮಾತು.
ಕುರ್ಚಿ ಎತ್ತಿದ್ದು ಸುಳ್ಳಲ್ಲ."

ಮುನ್ನೂರ ಹನ್ನೊಂದು ಓಟಿಗೆ ಸೋತ.
ಆ ರಾತ್ರಿ ಚೌಕದಲ್ಲಿ ಪಾತ್ರೆ ಬಡಿದು ಕುಣಿದವರ ತಲೆ ಎಣಿಸಿದ್ದರೆ
ಓಟು ಹಾಕಿದವರನ್ನು ಮೀರುತ್ತಿತ್ತು.
ನಾನೂ ಕುಣಿದೆ. ಬಾಣಲೆ ನನ್ನದೇ.
ಓಟು?
ಭಾನುವಾರ ನನಗೆ ಬೆನ್ನುನೋವಿತ್ತು.
ಹೀಗೆ ನಾಲ್ಕು ಜನರಿಗೆ ಹೇಳಿದ್ದೇನೆ. ನಾಲ್ವರೂ
ತಮ್ಮ ತಮ್ಮ ನೋವು ಹೇಳಿದರು.

ಬುಧವಾರ ಬ್ರೆಡ್ಡಂಗಡಿಯ ಸಾಲಿನಲ್ಲಿ ಅವನೇ ನಿಂತಿದ್ದ.
ಕೈಯಲ್ಲಿ ಟೋಕನ್ ಅರವತ್ತೇಳು, ಕಾಲಲ್ಲಿ ಮನೆಯ ಚಪ್ಪಲಿ.
ಏನೇನು ಹೇಳಬೇಕೆಂದು ನಾಲ್ಕು ವರ್ಷ ಮಸೆದಿಟ್ಟಿದ್ದೆವು!
ಎಲ್ಲರೂ ಗಾಜಿನೊಳಗಿನ ಬನ್ನುಗಳನ್ನೇ ನೋಡಿದೆವು.
ಹೆಂಡತಿಯ ಹುಟ್ಟುಹಬ್ಬಕ್ಕೆ ಕೇಕು ಬೇಕಂತೆ, ಶನಿವಾರಕ್ಕೆ.
ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿ
ಪೆನ್ಸಿಲು ನಾಲಿಗೆಗೆ ತಾಗಿಸಿ ಕೇಳಿದಳು:
"ಯಾರ ಹೆಸರಿಗೆ ಬರೆಯಲಿ?"

ಒಮ್ಮೆ ನಮ್ಮೆಲ್ಲರ ಕಡೆ ತಿರುಗಿ ನೋಡಿದ.
"ಎವಾರಿಸ್ತೊ" ಎಂದ. ಅಷ್ಟೇ.
ಅವಳು ಒಂದು ಅಕ್ಷರ ತಪ್ಪು ಬರೆದಳು.
ತಿದ್ದಲಿಲ್ಲ ಅವನು.
ನನ್ನ ಬೆರಳು ಮಾತ್ರ ತುಸು ಮಿಡುಕಿತು,
ವೃತ್ತಿಯ ಚಾಳಿ.

ಇವತ್ತಿಗೆ ತೊಂಬತ್ತಾರು ಬೆಂಚು ಮುಗಿಯಿತು.
ಕೆಂಪು ಕೆರೆದರೆ ಅಡಿಯಲ್ಲಿ ಹಸಿರು,
ಹಿಂದಿನ ಮೇಯರಮ್ಮನ ಹೆಸರು, ಅದೂ ನನ್ನದೇ ಕೈಬರಹ,
ಆಗಿನ್ನೂ ಗೆರೆ ನಡುಗುತ್ತಿರಲಿಲ್ಲ.
ಅದರಡಿಯ ನೀಲಿ ನನ್ನಪ್ಪನದು.
ಅಲ್ಲಿಗೆ ಉಳಿ ನಿಲ್ಲಿಸುತ್ತೇನೆ.

ಹೊಸಬಳು ಹೆಸರು ಬೇಡ ಅಂದಿದ್ದಾಳಂತೆ,
ಒಂದು ಪುಟ್ಟ ಹೂವು ಸಾಕಂತೆ.
ಎಷ್ಟು ಪುಟ್ಟದು, ಯಾರೂ ಹೇಳುತ್ತಿಲ್ಲ.

ಪಟ್ಟಿಯಲ್ಲಿ ನಾಳೆಗೆ ಗುಡ್ಡದ ತುದಿಯ ಬೆಂಚು.
ಬಣ್ಣದ ಡಬ್ಬಿ, ಉಳಿ, ಟರ್ಪೆಂಟೈನು, ಊಟದ ಬುತ್ತಿ.
ಹಳಿಬಂಡಿ ಇನ್ನೂ ಶುರುವಾಗಿಲ್ಲ.