ಇಪ್ಪತ್ಮೂರು ಮಿಲಿಮೀಟರು

ಹತ್ತೊಂಬತ್ತು ಡಬ್ಬ. ಲಿಫ್ಟು ಕೆಟ್ಟಿತ್ತು.
ನಾಲ್ಕನೇ ಮಹಡಿ ತಲುಪುವಷ್ಟರಲ್ಲಿ
ಹಲಗೆಗಳಾಗಿ ಮಲಗಿದ್ದ ಒಂದು ಇಡೀ ಅಡುಗೆಮನೆ
ನನ್ನ ಬೆನ್ನಿನ ಪ್ರತಿ ಎಲುಬನ್ನೂ ಎಣಿಸಿತ್ತು.

ತಾರ್ತು ಊರಿನ ಹಳೇ ಕಾಂಕ್ರೀಟು ಬ್ಲಾಕು. ಮಾರ್ಚ್ ತಿಂಗಳು.
ಎಮಾಯೊಗಿ ಹೊಳೆಯಲ್ಲಿ ಹಿಮದ ಹಲಗೆಗಳು ಒಡೆದು
ಒಂದಕ್ಕೊಂದು ತಾಕುತ್ತ ಸಾಗಿದ್ದವು,
ಅವಕ್ಕೂ ಯಾರೋ ನಂಬರು ಹಚ್ಚಿ ಕಳಿಸಿದ ಹಾಗೆ.

ಹೆಲ್ಮಿ ಬಾಗಿಲಲ್ಲೇ ನಿಂತಿದ್ದಳು, ಕಿವಿಯ ಹಿಂದೆ ಪೆನ್ಸಿಲು.
ಮೂವತ್ತೊಂದು ವರ್ಷ ಊರೂರಿನ ಹೊಲ ಅಳೆದವಳು.
'ಕುದುರೆ ಲಾಳದ ಹಾಗೆ ಬರಲಿ' ಎಂದಳು,
'ಎಡಕ್ಕೆ ಸಿಂಕು, ಎದುರು ಒಲೆ,
ಬಲಕ್ಕೆ ಹಿಟ್ಟು ನಾದುವ ಜಾಗ, ನಡುವೆ ನಾನು.
ತಿರುಗಿದರೆ ಸಾಕು. ನಡೆಯುವ ಹಾಗಿರಬಾರದು.'

ನೆಲದಲ್ಲಿ ಎತ್ತರದ ಜಾಗ ಮೊದಲು ಹುಡುಕಬೇಕು.
ಅಲ್ಲಿಂದಲೇ ಎಲ್ಲ ಕಾಲುಗಳ ಲೆಕ್ಕ.
ತಗ್ಗಿನಿಂದ ಶುರುಮಾಡಿದವರು
ಕೊನೆಗೆ ಕಾಲು ಕತ್ತರಿಸಲು ಕೂರುತ್ತಾರೆ.

ಆಮೇಲೆ ಮೂಲೆಯ ಪೆಟ್ಟಿಗೆ.
ಮೂಲೆಗುಂಪಾದ ಅಂತ ಜನ ಮರುಗುತ್ತಾರಲ್ಲ,
ಈ ಕಸುಬಿನಲ್ಲಿ ಮೂಲೆಯೇ ಯಜಮಾನ.
ಅದು ಕೂತ ಹಾಗೆ ಉಳಿದವರು ಕೂರಬೇಕು.

ಎಡಗಡೆ ಸಲೀಸು. ಹಿಂಗಡೆ, ಪೈಪಿಗೆ ತೂತು ಕೊರೆದದ್ದು ಬಿಟ್ಟರೆ,
ಅದೂ ಸಲೀಸು.
ಬಲಗಡೆ ಕೊನೆಯ ಪೆಟ್ಟಿಗೆ ಜೋಡಿಸಿ ನೋಡುತ್ತೇನೆ:
ಗೋಡೆ ದೂರ ಹೋಗುತ್ತಿದೆ.
ಮೂಲೆಯಲ್ಲಿ ಸೊನ್ನೆ, ತುದಿಯಲ್ಲಿ ಒಂದು ಬೆರಳಗಲ.
ರಸಮಟ್ಟದ ಗುಳ್ಳೆ ನಡುಮಧ್ಯೆ ತೆಪ್ಪಗೆ ನಿಂತಿದೆ,
ತನಗೆ ಸಂಬಂಧವಿಲ್ಲ ಅನ್ನುವಂತೆ.

ಅವಳು ಟೇಪು ಹಿಡಿದಳು. 'ಇಪ್ಪತ್ಮೂರು.'
ಮುಖದಲ್ಲಿ ಲಾಟರಿ ಹೊಡೆದ ಕಳೆ.
'ಎಪ್ಪತ್ತೊಂಬತ್ತರಲ್ಲೇ ಹೇಳಿದ್ದೆ. ಈ ಗೋಡೆಯ ಚಪ್ಪಡಿ
ಕ್ರೇನಿನಿಂದ ಇಳಿಸಿ ನಿಲ್ಲಿಸಿದ್ದು ನನ್ನ ಗಂಡ, ಆಗ ಗಂಡ.
ಸೊಟ್ಟ ಅಂದೆ. ನಿನ್ನ ಕಣ್ಣು ಸೊಟ್ಟ ಅಂದ.
ನಮ್ಮ ಮೊದಲ ಜಗಳ ಅದು. ಆಮೇಲಿನವು
ಇದರ ಮೇಲೇ ಕಟ್ಟಿದವು.'

ಫೋನು ಮಾಡಿದಳು.
ಎದುರು ಬ್ಲಾಕಿನಿಂದ ಎಂಡೆಲ್ ಬಂದ, ಮನೆಯ ಚಪ್ಪಲಿಯಲ್ಲೇ,
ಹಳೇ ಕಾಲುಚೀಲದೊಳಗೆ ತೂಗುಗುಂಡು ಸುತ್ತಿಕೊಂಡು.
ದಾರ ಬಿಟ್ಟ. ಗುಂಡು ಅಲ್ಲಾಡಿ ಅಲ್ಲಾಡಿ ನಿಲ್ಲುವ ತನಕ
ಮೂವರೂ ಉಸಿರು ಹಿಡಿದೆವು.
ಗುಂಡು ನೆಟ್ಟಗೆ ನಿಂತಿತು, ಗೋಡೆಯೂ.
'ನೋಡು, ನೇರ ಇದೆ.'
'ನಿಂತಿರೋದು ನೇರ. ತಿರುಗಿರೋದು ಸೊಟ್ಟ.'
ಅವನು ತನ್ನ ಟೇಪು ತೆಗೆದ, ಕಣ್ಣು ಕಿರಿದು ಮಾಡಿದ.
'ಇಪ್ಪತ್ತೊಂದು.'

ಇಬ್ಬರೂ ನನ್ನ ಕಡೆ ತಿರುಗಿದರು.
ಅಡ್ಡಗೋಡೆಯ ಮೇಲೆ ದೀಪವಿಟ್ಟೆ:
ಎಲ್ಲಿ ಹಿಡಿದು ಅಳೀತೀರಿ ಅನ್ನೋದರ ಮೇಲಿದೆ.
ಚಕ್ಕೆ ಕೊಟ್ಟು ಬಿಗಿದು, ತುದಿಗೆ ಬಿಳಿ ಪಟ್ಟಿ ಬಡಿದರೆ
ಯಾರಿಗೂ ಕಾಣೋದಿಲ್ಲ.

'ಕಾಣಲಿ' ಎಂದಳು.

ಚಕ್ಕೆ ಕೊಟ್ಟೆ, ಬಿಗಿದೆ, ಮೇಲೆ ಕಟ್ಟೆಯ ಹಲಗೆ ಕೂರಿಸಿದೆ.
ಅಷ್ಟು ಹೊತ್ತೂ ಹೋಗದೆ ನಿಂತಿದ್ದ ಎಂಡೆಲ್
ಒಲೆಯ ಮೇಲಿದ್ದ ಬೇಕಿಂಗ್ ತಟ್ಟೆ ಎತ್ತಿಕೊಂಡ,
ಅಂಚು ಸುಟ್ಟು ಕರ್ರಗಾದದ್ದು,
ನಿಲ್ಲಿಸಿ ಹಿಡಿದು ಆ ಸಂದಿಗೆ ತಳ್ಳಿದ.
ಹೋಯಿತು. ಹಿಡಿಯಷ್ಟೇ ಹೊರಗುಳಿಯಿತು.

ಹೆಲ್ಮಿ ಅದನ್ನು ಎಳೆದು, ಸೆರಗಿಲ್ಲದ ಊರಲ್ಲವೇ,
ಸ್ವೆಟರಿನ ತೋಳಿನಿಂದ ಧೂಳು ಒರೆಸಿ
ತಾನೇ ಇನ್ನೊಮ್ಮೆ ತಳ್ಳಿದಳು.
ನನ್ನ ಬಿಲ್ಲಿನಲ್ಲಿ ಬಿಳಿ ಪಟ್ಟಿಯ ಒಂಬತ್ತು ಯೂರೋ
ಪೆನ್ಸಿಲಿನಿಂದ ಹೊಡೆದುಹಾಕಿದಳು.

'ಅದರಲ್ಲಿ ಬನ್ನು ಯಾವಾಗ ಮಾಡ್ತೀಯ?' ಅವನು.
'ಮೊದಲು ಇಪ್ಪತ್ಮೂರು ಅನ್ನು.'

ಡ್ರಿಲ್ಲು, ರಸಮಟ್ಟ, ಮಡಚಿದ ಖಾಲಿ ರಟ್ಟು ಹೊತ್ತು
ಮೆಟ್ಟಿಲಿಳಿಯುತ್ತಿದ್ದೆ.
ಎರಡನೇ ಮಹಡಿಯ ತನಕ ಕೇಳುತ್ತಿತ್ತು:
ಇಪ್ಪತ್ತೊಂದು.