ಅರ್ಧ ಅಂಕ

ಬಂದರಿನಿಂದ ಬೆಂಗ್ರೆಗೆ ಒಂಬತ್ತೂಕಾಲರ ಫೆರಿ.
ಚೀಲದಲ್ಲಿ ಒಂಬತ್ತನೇ 'ಬಿ'ಯ ನಲವತ್ತೆರಡು ಉತ್ತರಪತ್ರಿಕೆ,
ಕಾಲಬುಡದಲ್ಲಿ ಯಾರದೋ ಮೀನುಬುಟ್ಟಿಯ ನೀರು.
ರಾತ್ರಿಯೆಲ್ಲ ಕೆಂಪು ಪೆನ್ನು ಹಿಡಿದು ಕೂತಿದ್ದವಳಿಗೆ
ಹೊಳೆಯ ನಡುವೆ ತಪ್ಪು ಹೊಳೆಯಿತು.

ಪ್ರಶ್ನೆ ಏಳು: ಆಯತಗಳಿಗೆ ಸುತ್ತು ಹಾಕಿ.
ಲಿಖಿತಾ ಪುತ್ರನ್ ಎರಡಕ್ಕೆ ಹಾಕಿದ್ದಳು,
ಉದ್ದದ್ದೊಂದು, ಪಕ್ಕದಲ್ಲಿ ಕುಳ್ಳಗೆ ಕೂತ ಚೌಕ.
ಚೌಕದ ಮೇಲೆ ನನ್ನ ಗೀಟು.
ಎಷ್ಟು ನೇರ, ಆ ಗೀಟು!

ನಾಲ್ಕು ಮೂಲೆಯೂ ತೊಂಬತ್ತು;
ಆಯತವಾಗಲು ಇನ್ನೆಂತ ಬೇಕು?
ಉದ್ದ ಇರಬೇಕೆಂದು ಯಾರು ಹೇಳಿದ್ದು?
ನನ್ನ ಟೀಚರು. ಅವರ ಟೀಚರು.
ಬಾಗಿಲು, ಬೆಂಚು, ಕಪ್ಪುಹಲಗೆ.

ಎರಡನೇ ಪೀರಿಯಡಿನಲ್ಲಿ ಒಂದು ಮರ ಬರೆದೆ, ಬೇರು ಮೇಲೆ.
ಚತುರ್ಭುಜ, ಅದರ ಕೆಳಗೆ ಸಮಾಂತರ ಚತುರ್ಭುಜ,
ಅಲ್ಲಿಂದ ಎರಡು ಕೊಂಬೆ: ಆಯತ, ವಜ್ರಾಕೃತಿ.
ಎರಡೂ ಬಾಗಿ ಮತ್ತೆ ಕೂಡಿದಲ್ಲಿ ಚೌಕ.
"ಕೊಂಬೆ ಕೂಡಿದರೆ ಅದು ಮರ ಅಲ್ಲ ಟೀಚರ್, ಬಲೆ,"
ಹಿಂದಿನ ಬೆಂಚು.
ತ್ರಾಪಿಜ್ಯವನ್ನು ಮೂಲೆಯಲ್ಲಿ ಕೂರಿಸಿದೆ;
ಒಂದು ಜೊತೆ ಸಮಾಂತರ ಎಂದರೆ ಒಂದೇ ಜೊತೆಯೋ, ಒಂದಾದರೂ ಸಾಕೋ,
ಪುಸ್ತಕಗಳ ಜಗಳವೇ ಮುಗಿದಿಲ್ಲ.
ಬಂಗುಡೆಯೆಲ್ಲ ಮೀನು, ಮೀನೆಲ್ಲ ಬಂಗುಡೆಯಲ್ಲ ಎಂದೆ.
ಇಷ್ಟಕ್ಕೆ ಇಷ್ಟೊತ್ತಾ ಎಂಬಂತೆ ನಕ್ಕರು.
ಲಿಖಿತಾಳ ಜಾಗ ಖಾಲಿ.

ಸಂಜೆ ಬಲೆಯ ಶೆಡ್ಡಿನಲ್ಲಿ ಸಿಕ್ಕಿದಳು,
ಅಜ್ಜ ಲೋಕಯ್ಯನ ಸೂಜಿಗೆ ನೂಲು ತುಂಬುತ್ತ.
ನಿನ್ನದು ಸರಿ ಎಂದೆ.
"ಎಂತದು ಟೀಚರ್?"
ಚೌಕವೂ ಆಯತವೇ.
"ವಜ್ರಾಕೃತಿಯೂ ಹೌದಲ್ವಾ," ಎಂದವಳೇ
ಬಲೆಯ ಒಂದು ಕಣ್ಣನ್ನು ಎರಡು ಬೆರಳಲ್ಲಿ ಹಿಡಿದಳು.
ನಾಲ್ಕು ಗಂಟು, ನಾಲ್ಕು ಸಮ ನೂಲು.
ಎಳೆದಳು:
ವಜ್ರ, ಸಪೂರ ವಜ್ರ, ಇನ್ನೂ ಸಪೂರ,
ರೆಪ್ಪೆ ಮುಚ್ಚುವಷ್ಟು.
ಸಡಿಲಿಸಿದಳು:
ಕರ್ಣಗಳೆರಡೂ ಸರಿಸಮವಾದ ಒಂದು ಗಳಿಗೆ
ಚೌಕ. ದಾಟಿದರೆ ಇಲ್ಲ.
ನೂಲು ಅದೇ, ಗಂಟು ಅದೇ.
ಹೆಸರು ಬಂದು ಹೋಯಿತು.

"ಎಳೆತಕ್ಕೆ ಕಣ್ಣು ಮುಚ್ಚಿದರೆ ಮರಿಮೀನೂ ಒಳಗೆ,"
ತಲೆ ಎತ್ತದೆ ಲೋಕಯ್ಯ ಹೇಳಿದರು,
"ಚೌಕಕ್ಕೇ ಕಟ್ಟಿದರೆ ಮರಿ ಹೊರಗೆ."

ಭುಜ ನಾಲ್ಕು, ಕರ್ಣವೆಂದರೆ ಕಿವಿಯೂ ಹೌದು, ಎರಡು,
ಕಣ್ಣು ಮಾತ್ರ ಒಂದೇ.
ಇಪ್ಪತ್ತು ವರ್ಷ ಕಲಿಸಿದ್ದೇನೆ,
ಇದಕ್ಕೊಂದು ಮೈ ಇದೆಯೆಂದು ತೋಚಿರಲಿಲ್ಲ.

ಹದಿನಾರೂವರೆಯನ್ನು ಹದಿನೇಳು ಮಾಡಿ ಸಹಿ ಹಾಕಿದೆ.
ಪತ್ರಿಕೆಯನ್ನು ಅವಳು ನೂಲಿನ ಉಂಡೆಯಡಿ ಇಟ್ಟಳು,
ಗಾಳಿಗೆ ಹಾರದಂತೆ.

ಮರಳುವ ಫೆರಿಯಲ್ಲಿ ನೆನಪಾಯಿತು:
ಚೌಕವನ್ನು ಹೊರಗಿಟ್ಟ ನಲವತ್ತೊಂದು ಮಂದಿಗೆ
ನಾನು ಪೂರ್ಣಾಂಕ ಕೊಟ್ಟಿದ್ದೇನೆ.
ಪತ್ರಿಕೆ ಇನ್ನೂ ಹಂಚಿಲ್ಲ.
ಕೆಂಪು ಪೆನ್ನು ಚೀಲದಲ್ಲೇ ಇದೆ.