ಕೌಂಟರಿನ ಈ ಕಡೆಯಿಂದ

ಪೊನ್ನಂಪೇಟೆಯ ಬಸ್‌ಸ್ಟ್ಯಾಂಡಿನ ಎದುರು
ಔಷಧಿ ಅಂಗಡಿಯಲ್ಲಿ ಹನ್ನೊಂದು ವರ್ಷ ನಿಂತವಳು ನಾನು.
ಈ ಊರಿನ ಮುಖಗಳಿಗಿಂತ
ಹೊಟ್ಟೆಗಳೇ ಹೆಚ್ಚು ಪರಿಚಯ ನನಗೆ.

ಕೆಮ್ಮಿನವರು ಕೆಮ್ಮುತ್ತಲೇ ಕೇಳುತ್ತಾರೆ,
ಮಂಡಿನೋವಿನವರು ಬೀದಿಯಿಂದಲೇ ಕೂಗುತ್ತಾರೆ.
ಇವರು ಮಾತ್ರ
ಮೊದಲು ಒಂದು ಕೊಬ್ಬರಿ ಎಣ್ಣೆ, ಎರಡು ಸೋಪು,
ಆಮೇಲೆ ಹಿಂದೆ ಮುಂದೆ ನೋಡಿ
'ಮತ್ತೆ... ಅದೊಂದು.'

ಅದು ಅಂದರೆ ಇಸಬ್‌ಗೋಲ್.
ಅದು ಅಂದರೆ ತ್ರಿಫಲಾ, ಸೋನಾಮುಖಿ,
ಮೈಸೂರಿನ ರೆಪ್ ತಂದಿಟ್ಟುಹೋದ ಹಸಿರು ಡಬ್ಬಿ;
ಮುಚ್ಚಳದ ಮೇಲೆ ಎಲೆಯೊಂದು, ಯಾವ ಗಿಡದ್ದೋ.
'ಅಡ್ಡಪರಿಣಾಮ ಇಲ್ಲ' ಅನ್ನುವುದು ದಪ್ಪಕ್ಷರ,
ಒಳಗೇನು ಹಾಕಿದ್ದಾರೆ ಅನ್ನುವುದು ಇರುವೆಸಾಲು.
ಹಳೇ ಪತ್ರಿಕೆಯಲ್ಲಿ ಸುತ್ತಿಯೇ ಕೊಡಬೇಕು.
ಕೋವಿಯನ್ನಾದರೂ ಹೆಗಲಿಗೇರಿಸಿ ನಡೆಯುತ್ತಾರೆ ಇಲ್ಲಿ,
ಇದನ್ನಲ್ಲ.

ಸುಬೇದಾರ್ ಪಳಂಗಪ್ಪ ಖಾಯಂ ಗಿರಾಕಿ.
ಹಿಮದ ಗಡಿಯಲ್ಲಿ ಎರಡು ಬೆರಳು ಬಿಟ್ಟುಬಂದವರು,
ಆ ಕಥೆ ಹೇಳುವಾಗ ಕಪಾಟಿನ ಗಾಜು ಅದುರುವ ದನಿ.
ಡಬ್ಬಿ ಕೇಳುವಾಗ ಮಾತ್ರ
ಗೋಡೆಯ ಕ್ಯಾಲೆಂಡರಿನ ಜತೆ ಮಾತು.
ತಿಂಗಳಿಗೊಂದಿದ್ದದ್ದು ಎರಡಾಯಿತು, ಮೂರಾಯಿತು.
'ಡಾಕ್ಟರಿಗೆ ತೋರಿಸಿ ಸುಬೇದಾರರೇ.'
'ಗಿಡಮೂಲಿಕೆ ಅಲ್ವಾ, ಏನಾಗ್ತದೆ?
ಮೊನ್ನೆ ಮದುವೆಯಲ್ಲಿ ಪಂದಿಕರಿ ಜಾಸ್ತಿಯಾಯ್ತು, ಅಷ್ಟೇ.'
ಮದುವೆ ಆಗಿ ಮೂರು ತಿಂಗಳಾಗಿತ್ತು.

ಕಕ್ಕಡ ಹದಿನೆಂಟು ಬಂತು.
ಹದಿನೆಂಟು ಬಗೆಯ ಮದ್ದು ಅವತ್ತು
ಒಂದೇ ಸೊಪ್ಪಿನೊಳಗೆ ಬಂದು ಕೂರುತ್ತದಂತೆ,
ಯಾರು ಎಣಿಸಿದರೋ.
ಕುದಿಸಿದ ನೀರು ನೇರಳೆಗಟ್ಟಿ,
ಅಕ್ಕಿ, ಬೆಲ್ಲ, ಕಾಯಿಹಾಲು, ಮೇಲೊಂದು ಚಮಚ ಜೇನು;
ಮಕ್ಕಳ ನಾಲಗೆಗೂ ಮುದುಕರ ನಾಲಗೆಗೂ ಒಂದೇ ಬಣ್ಣ.
ಮಾರನೆ ಬೆಳಿಗ್ಗೆ ಊರಿಗೆ ಊರೇ
ತನ್ನ ಉಚ್ಚೆ ತಾನು ಬಗ್ಗಿ ನೋಡಿ ಹಿಗ್ಗುತ್ತದೆ.
'ನಿಂಗೆ ಕೆಂಪಾಯ್ತಾ? ನಂಗೆ ಭಾರೀ ಕೆಂಪು!'
ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಶಾಲೆಯ ಗೇಟಿನಲ್ಲಿ.
ವರ್ಷಕ್ಕೊಂದೇ ದಿನ
ಮೈಯಿಂದ ಇಳಿದದ್ದಕ್ಕೆ ನಾಚಿಕೆಯಿಲ್ಲ ನಮಗೆ.

ಆ ಬೆಳಿಗ್ಗೆ ಪಳಂಗಪ್ಪ ಬಂದರು. ಕೊಡೆ ಮಡಚಲಿಲ್ಲ.
'ಕೆಂಪು ಹೋಯ್ತು' ಅಂದರು.
'ಎಲ್ಲರಿಗೂ ಹೋಗಿದೆ' ಅಂತ ನಕ್ಕೆ.
ಅವರು ನಗಲಿಲ್ಲ. ಕ್ಯಾಲೆಂಡರನ್ನೂ ನೋಡಲಿಲ್ಲ.
'ಮುಂದೆ ಅಲ್ಲಮ್ಮ' ಅಂದರು,
'ಹಿಂದೆ.
ಇವತ್ತಲ್ಲ. ಕಾಫಿ ಹೂವಾದಾಗಿನಿಂದ.'

ಡಬ್ಬಿಯ ಕಡೆ ಹೋಗಿದ್ದ ಕೈ
ದಾರಿಯಲ್ಲೇ ನಿಂತಿತು.
ರೆಪ್ ಕೊಟ್ಟ ಕಾರ್ಡಿನ ಹಿಂಬದಿಗೆ
ಮೈಸೂರಿನ ಸರ್ಜನ್ ಒಬ್ಬರ ಹೆಸರು ಬರೆದು
ಯಾವ ಪತ್ರಿಕೆಯಲ್ಲೂ ಸುತ್ತದೆ ಕೊಟ್ಟೆ.

ಸುದ್ದಿ ತುಣುಕು ತುಣುಕಾಗಿ ಬಂತು.
ಕ್ಯಾಮೆರಾ ಬಿಟ್ಟು ನೋಡಿದರಂತೆ. ಗಡ್ಡೆಯಂತೆ.
ಒಂದು ಗೇಣು ಕರುಳು ತೆಗೆದರಂತೆ.
ಬಾಯಿಗೆ ನೀರೂ ಇಲ್ಲ; ಡಾಕ್ಟರು ಬಂದಾಗಲೆಲ್ಲ
ಒಂದೇ ಪ್ರಶ್ನೆ: 'ಗಾಳಿ ಹೋಯ್ತಾ?'
ಒಕ್ಕದ ಹಿರಿಯರು, ಇಬ್ಬರು ಅಳಿಯಂದಿರು,
ಮೆಡಲು ತೊಟ್ಟೇ ಬಂದ ರೆಜಿಮೆಂಟಿನ ಗೆಳೆಯ,
ವಾರ್ಡಿನ ಹೊರಗೆ ಬೆಂಚಿನ ಮೇಲೆ ಸಾಲಾಗಿ
ಕಾಯುತ್ತಿದ್ದಾರಂತೆ ಒಂದು ಹೂಸಿಗಾಗಿ.
ಹೆಂಡತಿ ಚೋಂದಮ್ಮ ಗುರುಕಾರಣರಿಗೆ ಹರಕೆ ಹೊತ್ತರಂತೆ,
ಯಾವುದಕ್ಕೆ ಅಂತ ಬಾಯಿಬಿಟ್ಟು ಹೇಳದೆ.

ನಾಲ್ಕನೆಯ ಸಂಜೆ. ಅಂಗಡಿ ತುಂಬ ಜನ.
ಫೋನು. ಅಳುತ್ತಿದ್ದರೋ ನಗುತ್ತಿದ್ದರೋ ಚೋಂದಮ್ಮ,
'ಹೋಯ್ತು!' ಅಂದರು.
'ಹೋಯ್ತಾ!' ನಾನೂ ಕೂಗಿಬಿಟ್ಟೆ.
ಕೌಂಟರಿನ ಆಚೆ ಮುಖಗಳೆಲ್ಲ ಇಳಿದವು.
ಬೀಫಾತುಮ್ಮ ತಲೆಯ ಮೇಲೆ ಸೆರಗೆಳೆದುಕೊಂಡರು,
'ಯಾ ಅಲ್ಲಾ, ಯಾರು ಹೋದರು?'

ಹೇಳಿದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ, ಪಿಸುಗುಡದೆ,
ಯಾರದು, ಏನು, ಎಲ್ಲಿಂದ.

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ.
ಅಷ್ಟರಲ್ಲಿ ಮೂಲೆಯಲ್ಲಿ ನಿಂತಿದ್ದ ಮೇಷ್ಟರು
ಕೈಯಲ್ಲಿದ್ದ ಎರಡು ಸೋಪುಗಳನ್ನು
ಮೆಲ್ಲಗೆ ಇದ್ದಲ್ಲೇ ವಾಪಸಿಟ್ಟು
ಮುಂದೆ ಬಂದರು.